ಬದುವಿಗೆ ಬೆನ್ನು ಕೊಟ್ಟ ನಾಲ್ಕನೇ ಹೋಲ್

ನನಗೆ ಹುಲ್ಲು ಗೊತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಹಾಗಂತ ಜಂಬ ಇಲ್ಲವೆಂದೂ ಹೇಳುವುದಿಲ್ಲ. ಕೆಂಗೇರಿ ದಾಟಿ ಸ್ವಲ್ಪ ಮುಂದೆ ಹೋದರೆ ಒಂಬತ್ತು ಹೋಲ್‌ಗಳ ಒಂದು ಸಣ್ಣ ಗಾಲ್ಫ್ ಮೈದಾನವಿದೆ. ಅದರ ಹುಲ್ಲು, ಮಣ್ಣು, ನೀರು, ಮರ ಎಲ್ಲವೂ ಹದಿನೆಂಟು ವರ್ಷದಿಂದ ನನ್ನ ಉಸ್ತುವಾರಿ. ಕೃಷಿ ಓದಿದವಳು ನಾನು. ಮದುವೆಯಾಗಿ ಮಲ್ಲತ್ತಹಳ್ಳಿಗೆ ಬಂದೆ, ಆದರೆ ಹುಟ್ಟಿದ್ದು ಈ ಮೈದಾನದ ಪಕ್ಕದ ಹಳ್ಳಿಯಲ್ಲೇ. ಈಗ ಅದನ್ನು ಹಳ್ಳಿ ಅನ್ನುವವರು ನಾವು ನಾಲ್ಕು ಜನ ಮಾತ್ರ. ಉಳಿದವರಿಗೆ ಅದು ಯಾವುದೋ ಲೇಔಟಿನ ಮೂರನೇ ಹಂತ. ಮೈದಾನದ ಅರ್ಧ ಜಾಗ ಒಂದು ಕಾಲಕ್ಕೆ ನಮ್ಮಪ್ಪನ ರಾಗಿ ಹೊಲ. ಹೊಲ ಮಾರಿ ಅದೇ ಹೊಲದಲ್ಲಿ ಸಂಬಳಕ್ಕೆ ಸೇರಿದಳು ಅಂತ ನೆಂಟರು ಆಡಿಕೊಂಡರು. ಆಡಿಕೊಳ್ಳಲಿ, ಯಾರಿಗೇನು! ನಮ್ಮಪ್ಪನ ಮಣ್ಣನ್ನು ಪರರ ಕೈಗೆ ಬಿಡದೆ ನಾನೇ ನೋಡಿಕೊಂಡಿದ್ದೇನೆ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಒಂದು ತುದಿಯಲ್ಲಿ ಟೀ ಅಂತ ಒಂದು ಕಟ್ಟೆ, ಅಲ್ಲಿಂದ ಚೆಂಡು ಹೊಡೆಯಬೇಕು. ಇನ್ನೊಂದು ತುದಿಯಲ್ಲಿ ಗ್ರೀನ್ ಅಂತ ನುಣ್ಣಗೆ ಕತ್ತರಿಸಿದ ಹುಲ್ಲು, ಅದರಲ್ಲೊಂದು ಕುಳಿ, ಕುಳಿಗೊಂದು ಬಾವುಟ. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಬೀಳಿಸಿದವನು ಗೆದ್ದ. ಟೀಯಿಂದ ಕುಳಿಯವರೆಗಿನ ಅಷ್ಟೂ ಜಾಗಕ್ಕೆ ಒಂದು ಹೋಲ್ ಅನ್ನುತ್ತಾರೆ.

ನಾಲ್ಕನೇ ಹೋಲ್ ನಾನೇ ಅಳೆದು ಹಾಕಿಸಿದ್ದು. ಪೂರ್ವದಲ್ಲಿ ಟೀ, ಅದರ ಬೆನ್ನಿಗೆ ಒಂದು ಕಾಲಕ್ಕೆ ದನಗಳು ನೀರು ಕುಡಿಯುತ್ತಿದ್ದ ಕೆರೆಕಟ್ಟೆ, ಈಗ ನಮ್ಮ ನೂರೈವತ್ತು ಗಜ ಉದ್ದದ ಹೊಂಡ. ಪಶ್ಚಿಮದಲ್ಲಿ ಗ್ರೀನ್, ಗ್ರೀನಿನ ಹಿಂದೆ ಕಾಂಪೌಂಡ್ ಗೋಡೆ, ಗೋಡೆಯಾಚೆ ಅಂಗನವಾಡಿ. ಟೀಯಿಂದ ಕುಳಿಗೆ ಮುನ್ನೂರು ಗಜಕ್ಕಿಂತ ಸ್ವಲ್ಪ ಕಮ್ಮಿ. ಬೆಳಿಗ್ಗೆ ಆಡುವವರಿಗೆ ಸೂರ್ಯ ಬೆನ್ನಿಗೆ ಬರಲಿ ಅಂತ ಹಾಗೆ ಹಾಕಿದ್ದೆ. ಆಗ ಆಡುತ್ತಿದ್ದವರು ರಾಜಾಜಿನಗರ, ಬಸವೇಶ್ವರನಗರದ ರಿಟೈರ್ಡ್ ಸಾಹೇಬರು. ಇನ್ನೂರು ಗಜ ಹೊಡೆದವರು ಅವತ್ತು ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದರು. ಒಂದೇ ಏಟಿಗೆ ಗೋಡೆ ದಾಟಿಸುವವರು ಯಾರಾದರೂ ಇದ್ದೀರಾ ಅಂತ ನಾನು ಕೇಳಿದಾಗ ಎಲ್ಲರೂ ಗೊಳ್ಳೆಂದು ನಕ್ಕಿದ್ದರು. ನನ್ನ ಅಳತೆ ಅಲ್ಲಿಗೇ ಮುಗಿಯಿತು. ಇದ್ದವರ ತೋಳು ನೋಡಿ ಅಳೆದೆ, ಬರುವವರ ತೋಳು ನೋಡಲಿಲ್ಲ.

ಬಂದರಲ್ಲ! ಸಾಹೇಬರ ಮಕ್ಕಳು, ಅಳಿಯಂದಿರು, ಅವರ ಸ್ನೇಹಿತರು. ಅವರ ಕೈಯಲ್ಲಿ ಹೊಸ ಡ್ರೈವರ್. ಟೀಯಿಂದ ದೂರಕ್ಕೆ ಹೊಡೆಯುವ ಕೋಲಿಗೆ ಡ್ರೈವರ್ ಅನ್ನುತ್ತಾರೆ. ಹಳೆಯ ಸಾಹೇಬರ ಬೀರುವಿನಲ್ಲಿ ಇನ್ನೂ ಒಂದೊಂದಿದೆ, ಮರದ ತಲೆಯದ್ದು, ಮುಷ್ಟಿಯಷ್ಟು ಗಾತ್ರ. ಈಗಿನದು ಲೋಹದ್ದು, ಒಳಗೆ ಪೊಳ್ಳು, ಸಿಪ್ಪೆ ಸುಲಿದ ತೆಂಗಿನಕಾಯಿಯಷ್ಟು ದಪ್ಪ. ಹೊಡೆದರೆ ಠಣ್ ಅಂತ ಅರ್ಧ ಮೈದಾನಕ್ಕೆ ಕೇಳುತ್ತದೆ. ಚೆಂಡೂ ಹಳೆಯ ಚೆಂಡಲ್ಲ, ಗಾಳಿಯಲ್ಲಿ ಹೋಗುತ್ತಲೇ ಇರುತ್ತದೆ.

ಇವರೆಲ್ಲರಲ್ಲಿ ಉದ್ದ ಹೊಡೆಯುವವರು ಒಬ್ಬ ಹಲ್ಲಿನ ಡಾಕ್ಟರು. ಆರ್‌ಪಿಸಿ ಲೇಔಟಿನಲ್ಲಿ ಕ್ಲಿನಿಕ್, ಮೂವತ್ತೈದರ ಒಳಗಿನ ವಯಸ್ಸು, ಹಲ್ಲು ಕೀಳುವ ಕೈ ಅಂದಮೇಲೆ ಕೇಳಬೇಕೆ! ಒಂದು ದಿನ ಬೆಳಿಗ್ಗೆ ನಾಲ್ಕನೇ ಟೀ ಮೇಲೆ ನಿಂತು ಅವರು ತಮ್ಮ ಸ್ನೇಹಿತನಿಗೆ, "ಮಚ್ಚಾ, ಒಂದೇ ಏಟಿಗೆ ಗ್ರೀನ್ ನೋಡ್ತಿರು" ಅಂದರು. ಠಣ್ ಅಂದಿತು. ಚೆಂಡು ಬಾವುಟದ ಮೇಲೆ ಹಾದು ಗೋಡೆಯ ಆಚೆಗೇ ಹೋಯಿತು. ಸ್ನೇಹಿತ ಚಪ್ಪಾಳೆ ತಟ್ಟಿದ. ನಾನು ಪಕ್ಕದಲ್ಲಿ ಪೈಪು ಹಿಡಿದು ನಿಂತಿದ್ದೆ, ನನಗೂ ಒಂದು ಕ್ಷಣ ಭಲೇ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ವಾರಕ್ಕೆ ಐದು, ಹತ್ತು ಚೆಂಡು ಗೋಡೆ ದಾಟತೊಡಗಿದವು. ಮೊದಲು ಬಲೆ ಕಟ್ಟಿಸಿದೆವು. ಚೆಂಡು ಬಲೆಯ ಮೇಲಿನಿಂದ ಹೋಯಿತು. ಬಲೆ ಎತ್ತರಿಸಿದೆವು, ಆಷಾಢದ ಗಾಳಿಗೆ ಕಂಬವೇ ಮಲಗಿತು. ಟೀ ಹಿಂದಕ್ಕೆ ಸರಿಸೋಣ ಅಂದರೆ ಹಿಂದೆ ಹೊಂಡ. ದೊಡ್ಡ ದೊಡ್ಡ ಮೈದಾನದವರು ಜನ ಉದ್ದ ಹೊಡೆಯತೊಡಗಿದಂತೆ ಪಕ್ಕದ ಜಮೀನು ಕೊಂಡು ಹೋಲನ್ನು ಉದ್ದ ಮಾಡುತ್ತಾ ಹೋಗುತ್ತಾರೆ. ನಮಗೆಲ್ಲಿ ಅದು? ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಆಮೇಲೆ ಮಾಡಿದ ಕೆಲಸ ನನ್ನದೇ ಬುದ್ಧಿ, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಗ್ರೀನಿನ ಮುಂದೆ ಅಡ್ಡಲಾಗಿ ಒಂದು ದೊಡ್ಡ ಮರಳಿನ ಗುಂಡಿ ತೋಡಿಸಿದೆ. ಗುಂಡಿಗೆ ಹೆದರಿ ಇವರು ಮೆಲ್ಲಗೆ ಹೊಡೆದು ಗುಂಡಿಯ ಈಚೆಗೇ ನಿಲ್ಲಿಸುತ್ತಾರೆ ಅನ್ನುವುದು ನನ್ನ ಲೆಕ್ಕಾಚಾರ. ಆದದ್ದೇ ಬೇರೆ. ಮೊದಲು ಇಬ್ಬರೋ ಮೂವರೋ ಒಂದೇ ಏಟಿಗೆ ಪ್ರಯತ್ನಿಸುತ್ತಿದ್ದರು. ಗುಂಡಿ ತೋಡಿದ ಮೇಲೆ ಅದನ್ನು ಹಾರಿಸುವುದೇ ಒಂದು ಪಂಥವಾಗಿ ಹೋಯಿತು. ಮೊದಲು ನಿಧಾನಕ್ಕೆ ಆಡುತ್ತಿದ್ದವರೂ ಈಗ ಹಲ್ಲು ಕಚ್ಚಿ ಬೀಸತೊಡಗಿದರು. ಗೋಡೆ ದಾಟುವ ಚೆಂಡು ಕಮ್ಮಿಯಾಗುವ ಬದಲು ಹೆಚ್ಚಾದವು. ಹದಿನೆಂಟು ವರ್ಷ ಹುಲ್ಲಿನ ಮನಸ್ಸು ತಿಳಿದುಕೊಂಡ ನನಗೆ ಗಂಡಸರ ಮನಸ್ಸು ತಿಳಿಯಲಿಲ್ಲವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಮಾಘ ಮಾಸದ ಒಂದು ಬೆಳಿಗ್ಗೆ, ಹತ್ತೂವರೆ ಇರಬೇಕು, ಅಂಗನವಾಡಿ ಟೀಚರ್ ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದುಕೊಂಡು ನಮ್ಮ ಗೇಟಿನೊಳಗೆ ನುಗ್ಗಿದಳು. ಅವಳು ನನ್ನ ಗೆಳತಿ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಅವರ ಹೊಲ, ನಮ್ಮ ಹೊಲ ಒಂದೇ ಬದುವಿನ ಆಚೆ ಈಚೆ. ಅವಳು ಆ ಹಳ್ಳಿಯಲ್ಲೇ ಮದುವೆಯಾಗಿ ಅಲ್ಲೇ ಟೀಚರಾದಳು. ವಾಚ್‌ಮನ್ ತಡೆಯಲು ಹೋದರೆ ಅವನನ್ನು ಕಣ್ಣಲ್ಲೇ ಸರಿಸಿ ಬಂದು ನನ್ನ ಕಾಲ ಬಳಿ ಬಕೆಟ್ ಕುಕ್ಕಿದಳು. ಬಕೆಟ್ ತುಂಬ ಗಾಲ್ಫ್ ಚೆಂಡು.

"ತಗೊಳೇ ನಿಮ್ ಮೊಟ್ಟೆ! ಸರ್ಕಾರ ಕೊಡೋ ಮೊಟ್ಟೆ ವಾರಕ್ಕಿಷ್ಟು ಅಂತ ಎಣಿಸಿ ಬರುತ್ತೆ. ನಿಮ್ದು ಎಣಿಕೆನೇ ಇಲ್ವಲ್ಲೇ, ಮಳೆ ಸುರಿದಂಗೆ ಸುರೀತಾ ಇದೆ" ಅಂದಳು.

ನಾನು ನಗಲು ಹೋದೆ. ಅವಳು ನಗಲಿಲ್ಲ.

"ಇವತ್ತು ಗಂಜಿ ಪಾತ್ರೆ ಮೇಲೆ ಬಿತ್ತು ಕಣೇ. ಮುಚ್ಚಳ ನೆಗ್ಗಿ ಹೋಯ್ತು. ಮಕ್ಕಳು ಸುತ್ತ ಕೂತಿದ್ವು. ಒಂದು ಗೇಣು ಈಚೆಗೆ ಬಿದ್ದಿದ್ರೆ?" ಅಂದಳು. 

ಅವಳಿಗೆ ಇನ್ನೊಂದು ಭಯವೂ ಇತ್ತು. ಅವಳ ಮೇಲಿನ ಮೇಡಮ್ ಬಂದು ನೋಡಿ ಹೋಗಿದ್ದರು. ಮಳೆಗಾಲ ಶುರುವಾಗುವುದರೊಳಗೆ ಚೆಂಡು ಬೀಳುವುದು ನಿಲ್ಲದಿದ್ದರೆ ಅಂಗನವಾಡಿಯನ್ನು ಹೈವೇ ಆಚೆ ಒಂದು ಬಾಡಿಗೆ ರೂಮಿಗೆ ಸಾಗಿಸುತ್ತೇವೆ ಅಂದಿದ್ದರಂತೆ. ಅವರದೂ ತಪ್ಪಲ್ಲ, ಮಕ್ಕಳ ತಲೆ ಮುಖ್ಯ. ಆದರೆ ಆ ಮಕ್ಕಳ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಗೆಲಸಕ್ಕೆ ಹೋಗುವವರು. ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲಿ ಮಗುವನ್ನು ಬಿಟ್ಟು ಓಡುತ್ತಾರೆ. ದಿನಾ ಎರಡು ಸಲ ಮಗು ಎತ್ತಿಕೊಂಡು ಹೈವೇ ದಾಟುವವರು ಯಾರು? "ಆ ಕಡೆ ಹೋದ್ರೆ ಅರ್ಧ ಮಕ್ಕಳು ಮನೇಲೇ ಉಳೀತವೆ. ಬಾಗಿಲಿಗೆ ಬೀಗ ಹಾಕ್ಕೊಂಡು ಒಳಗೆ" ಅಂದಳು.

ಆ ವಾರವೇ ಕ್ಲಬ್ಬಿನ ಕಮಿಟಿ ಸೇರಿತು. ಕಮಿಟಿಯ ಮುಖ್ಯಸ್ಥರು, ಅಂದರೆ ನಮ್ಮ ಕ್ಯಾಪ್ಟನ್, ಹಾವೇರಿ ಕಡೆಯವರು, ದೊಡ್ಡ ಅಧಿಕಾರಿಯಾಗಿ ರಿಟೈರ್ ಆಗಿ ರಾಜಾಜಿನಗರದಲ್ಲಿ ಮನೆ ಮಾಡಿದ್ದಾರೆ. ಹಣೆಯಲ್ಲಿ ವಿಭೂತಿ ಇಲ್ಲದೆ ಟೀ ಹತ್ತುವವರಲ್ಲ. ಮಾತು ಮೆತ್ತಗೆ, ಆದರೆ ಮೈದಾನ ಅಂದರೆ ಜೀವ. ಅವರು ಫೋನಿನಲ್ಲಿ ಏನೋ ಓದಿಕೊಂಡು ಬಂದಿದ್ದರು. ಜಗತ್ತಿನ ಗಾಲ್ಫಿಗೆ ನಿಯಮ ಮಾಡುವವರು ಚೆಂಡಿಗೇ ಕಡಿವಾಣ ಹಾಕಲು ತೀರ್ಮಾನಿಸಿದ್ದಾರೆ. ಇನ್ನು ಕೆಲವು ವರ್ಷಕ್ಕೆ ಮೊದಲು ದೊಡ್ಡ ಆಟಗಾರರಿಗೆ, ಆಮೇಲೆ ಎಲ್ಲರಿಗೂ, ಅಷ್ಟು ದೂರ ಹೋಗದ ಚೆಂಡು ಬರುತ್ತದೆ.

"ನೋಡ್ರಿ, ತಾನಾಗೇ ಸರಿ ಹೋಗ್ತೈತಿ. ಸ್ವಲ್ಪ ತಡ್ಕೋಬೇಕಷ್ಟ" ಅಂದರು.

ಹಲ್ಲಿನ ಡಾಕ್ಟರು ತಲೆ ಅಲ್ಲಾಡಿಸಿದರು. "ಸಾರ್, ನನ್ನಂಥವನಿಗೆ ಹೆಚ್ಚೆಂದ್ರೆ ಹತ್ತು ಹದಿನೈದು ಗಜ ಕಮ್ಮಿ ಆಗ್ಬೋದು. ಆಗ್ಲೂ ಏಟು ಜೋರಾಗಿ ಬಿದ್ರೆ ಗೋಡೆ ದಾಟುತ್ತೆ" ಅಂದರು. ಹೊಡೆಯುವವರೇ ಹೀಗೆ ಒಪ್ಪಿಕೊಂಡದ್ದು ನನಗೆ ಹಿಡಿಸಿತು. ಪಾತ್ರೆಯ ಮುಚ್ಚಳ ನೆಗ್ಗಿಸಿದ ಚೆಂಡೂ ತಮ್ಮದೇ ಅಂತ ಅವರು ಆಗಲೇ ಅಂಗನವಾಡಿಗೆ ಹೋಗಿ ಕ್ಷಮೆ ಕೇಳಿ ಬಂದಿದ್ದರು.

ಕಡೆಗೆ ನಾಲ್ಕನೇ ಹೋಲಿನಲ್ಲಿ ಡ್ರೈವರ್ ಬಳಸಕೂಡದು ಅಂತ ಬೋರ್ಡು ಹಾಕಿದೆವು. ಎರಡೇ ದಿನ. ಡ್ರೈವರ್ ಚೀಲಕ್ಕೆ ಹಾಕಿ ಅದರ ತಮ್ಮನಂಥ ಇನ್ನೊಂದು ಕೋಲು ತೆಗೆದರು. ಅದರಲ್ಲೂ ಒಬ್ಬಿಬ್ಬರು ದಾಟಿಸಿದರು. ಬೋರ್ಡು ಹಾಕಿದ್ದಕ್ಕೆ ಕ್ಲಬ್ಬಿನಲ್ಲಿ ಗಲಾಟೆ ಬೇರೆ. ಆಟದ ಸಾಮಾನಿಗೆ ನಿಯಮ ಬೇಡ ಅಂತ ನಾನು ಹೇಳುವವಳಲ್ಲ. ಬೇಕು, ಬಿಗಿಯಾಗಿಯೇ ಬೇಕು. ಆದರೆ ಆ ನಿಯಮ ಬರುವ ತನಕ ಗೋಡೆಯಾಚೆಯ ಮಕ್ಕಳಿಗೆ ಏನಂತ ಹೇಳುವುದು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಬೋರ್ಡಿನ ಗಲಾಟೆಯಾದ ದಿನ ಸಂಜೆ ಗೆಳತಿಯ ಮನೆಗೆ ಹೋಗಿ ಇದೆಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ತಲೆ ಎತ್ತದೆ, "ನಿನ್ ಕಲ್ಲು ಬದು ದಾಟಿದೆ. ನಾಳೆ ಬಂದು ಕಾಯಿ" ಅಂದಳು.

 ನಲವತ್ತು ವರ್ಷದ ಮೇಲಾಗಿತ್ತು ಆ ಮಾತು ಕೇಳಿ.

ನಮ್ಮ ಕಡೆ ರಾಗಿ ಹೊಲದ ನಡುನಡುವೆ ಜೋಳದ ಸಾಲು ಹಾಕುತ್ತಿದ್ದರು. ತೆನೆ ಹಾಲುಗಟ್ಟಿದಾಗ ಗಿಳಿ, ಗುಬ್ಬಚ್ಚಿ ಹಿಂಡುಹಿಂಡಾಗಿ ಬರುತ್ತಿದ್ದವು. ಅವನ್ನು ಎಬ್ಬಿಸಲು ಕವಣೆ, ಹಗ್ಗದ ನಡುವೆ ಕಲ್ಲು ಇಟ್ಟು ತಲೆಯ ಸುತ್ತ ತಿರುಗಿಸಿ ಬೀಸುವುದು. ನಮ್ಮಪ್ಪನ ಕವಣೆ ಕಲ್ಲು ಹೋಗುವ ದೂರಕ್ಕೆ ಊರೇ ಬಾಯಿ ಬಿಡುತ್ತಿತ್ತು. ಅಂಥವರು ಎರಡು ಕಟ್ಟಳೆ ಇಟ್ಟುಕೊಂಡಿದ್ದರು, ಅವರೊಬ್ಬರೇ ಅಲ್ಲ, ಸುತ್ತಿನ ಹೊಲದವರೆಲ್ಲ. ಕವಣೆ ಬೀಸುವವನು ಪಕ್ಕದವನ ಬದುವಿಗೆ ಬೆನ್ನು ಕೊಟ್ಟು ನಿಂತು ತನ್ನ ಹೊಲದ ಒಳಕ್ಕೇ ಬೀಸಬೇಕು. ಇದು ಒಂದು. ಯಾರ ಕಲ್ಲಾದರೂ ಬದು ದಾಟಿ ಬಿದ್ದರೆ ಅವನು ಮಾರನೇ ದಿನ ತನ್ನ ಹೊಲ ಬಿಟ್ಟು, ಕಲ್ಲು ಬಿದ್ದವರ ಹೊಲವನ್ನು ಸಂಜೆಯವರೆಗೆ ಕಾಯಬೇಕು. ಇದು ಇನ್ನೊಂದು.

ಹತ್ತು ವರ್ಷದವಳಾಗಿದ್ದಾಗ ನಾನು ಅಪ್ಪ ಇಲ್ಲದ ಹೊತ್ತಲ್ಲಿ ಉಲ್ಟಾ ನಿಂತು ಬೀಸಿದ್ದೆ, ಎಷ್ಟು ದೂರ ಹೋಗುತ್ತೆ ನೋಡೋಣ ಅಂತ. ಕಲ್ಲು ಹೋಗಿ ಇದೇ ಗೆಳತಿಯ ಅವ್ವ ಹೊತ್ತು ತರುತ್ತಿದ್ದ ಮಜ್ಜಿಗೆ ಗಡಿಗೆಗೆ ಬಡಿಯಿತು. ಮಜ್ಜಿಗೆಯೆಲ್ಲ ಆ ತಾಯಿಯ ಮೈಮೇಲೆ. ಅಪ್ಪ ನನಗೆ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಮಾರನೇ ದಿನ ಕೈ ಹಿಡಿದು ಅವರ ಹೊಲದಲ್ಲಿ ನಿಲ್ಲಿಸಿ, "ಕಲ್ಲು ಎಲ್ಲಿಗೆ ಬಂತೋ ಅಲ್ಲಿ ನಿಂತು ನೋಡು, ಗೊತ್ತಾಗುತ್ತೆ" ಅಂತ ಹೇಳಿ ಹೋದರು. ಅಲ್ಲಿ ನಿಂತಾಗ ನಮ್ಮ ಹೊಲದಿಂದ ಕವಣೆ ಚಟೀರ್ ಅಂದಾಗಲೆಲ್ಲ ನಾನು ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದೆ, ಬೀಸುತ್ತಿದ್ದವರು ನನ್ನ ಅಪ್ಪನೇ ಆಗಿದ್ದರೂ.

ಇದನ್ನೆಲ್ಲ ಮರೆತು ಗಾಲ್ಫ್ ಹೋಲ್ ಹಾಕಿಸಿದ್ದೆ ನೋಡಿ. ಮಾರನೇ ದಿನ ಕೆಲಸಕ್ಕೆ ರಜೆ ಹಾಕಿ ಅಂಗನವಾಡಿಗೆ ಹೋದೆ.

ಅಂಗನವಾಡಿಗೆ ಇರುವುದೇ ಒಂದು ರೂಮು, ಅದರಲ್ಲೇ ಅಡುಗೆ, ಅದರಲ್ಲೇ ದಿನಸಿ ಮೂಟೆ. ಊಟ, ಆಟ ಎಲ್ಲ ಹೊರಗೆ ಹೊಂಗೆ ಮರದಡಿಯ ಅಂಗಳದಲ್ಲೇ ಆಗಬೇಕು. ಇಪ್ಪತ್ತು ಮಕ್ಕಳು ಸಾಲಾಗಿ ಕೂತಿದ್ದವು, ಮುಂದೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಬಿಸಿ ಉಪ್ಪಿಟ್ಟು. ನನಗೂ ಒಂದು ತಟ್ಟೆ ಕೊಟ್ಟರು. ಬಾಯಿಗಿಡಬೇಕು, ಗೋಡೆಯಾಚೆ ದೂರದಲ್ಲಿ ಠಣ್ ಅಂದಿತು.

ನಾನು ಏನಾಗುತ್ತಿದೆ ಅಂತ ನೋಡುವುದರೊಳಗೆ ತಟ್ಟೆ ಖಾಲಿ ಮಾಡಿದ್ದ ಮಕ್ಕಳೆಲ್ಲ ತಟ್ಟೆಯನ್ನು ಬೋರಲು ಮಾಡಿ ತಲೆ ಮೇಲಿಟ್ಟುಕೊಂಡು, ಎರಡು ಕೈಯಲ್ಲಿ ಹಿಡಿದುಕೊಂಡು, ಮಂಡಿಗೆ ಮುಖ ತಾಗಿಸಿ ಕೂತವು. ಒಂದೂ ಅಳಲಿಲ್ಲ, ಒಂದೂ ನಗಲಿಲ್ಲ. ತಟ್ಟೆಯಲ್ಲಿ ಇನ್ನೂ ತಿಂಡಿ ಉಳಿದಿದ್ದ ಮಕ್ಕಳು ಬರೀ ಕೈಯನ್ನು ತಲೆ ಮೇಲಿಟ್ಟುಕೊಂಡವು. ಟೀಚರ್ "ಆಯ್ತು" ಅಂದ ಮೇಲೆ ತಟ್ಟೆಗಳು ಇಳಿದವು. ಗಂಜಿ ಪಾತ್ರೆಗೆ ಚೆಂಡು ಬಿದ್ದ ದಿನದಿಂದ ಅವಳು ಕಲಿಸಿದ ಪಾಠ ಅದು.

ನನ್ನ ಪಕ್ಕದಲ್ಲಿ ಮೂರು ಮೂರೂವರೆ ವರ್ಷದ ಒಂದು ಹುಡುಗಿ ಕೂತಿದ್ದಳು, ಎರಡು ಜುಟ್ಟು. ಅಗಿಯದೆ ನುಂಗುತ್ತಿದ್ದಳು. ಬಿಸಿಗೆ ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. "ಮೆಲ್ಲಗೆ ತಿನ್ನಮ್ಮಾ, ಯಾರು ಕಿತ್ಕೊಳ್ತಾರೆ?" ಅಂದೆ.

ಗೆಳತಿ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. "ಅವಳು ಹಸಿವಿಗೆ ನುಂಗ್ತಿಲ್ಲ ಕಣೇ. ತಟ್ಟೆ ಖಾಲಿ ಆದ್ರೆ ತಾನೇ ತಲೆ ಮೇಲೆ ಇಟ್ಕೊಳ್ಳೋಕೆ ಆಗೋದು."

ನಾನು ತಟ್ಟೆ ಕೆಳಗಿಟ್ಟೆ. ಎದ್ದು ಹೋಗಿ ಗೋಡೆಯ ಪಕ್ಕದ ಸ್ಟೂಲ್ ಹತ್ತಿ ನಿಂತೆ. ನನ್ನ ಅಳು ಮಕ್ಕಳಿಗೆ ಕಾಣದಿರಲಿ ಅಂತ ಹತ್ತಿದ್ದು. ಹದಿನೆಂಟು ವರ್ಷದಲ್ಲಿ ನಾನು ನನ್ನ ಮೈದಾನವನ್ನು ಆ ಕಡೆಯಿಂದ ನೋಡಿರಲೇ ಇಲ್ಲ. ಎದುರಿಗೆ ಗ್ರೀನ್, ಬಾವುಟ, ಅದರಾಚೆ ನನ್ನ ಮರಳಿನ ಗುಂಡಿ, ಉದ್ದಕ್ಕೆ ಹುಲ್ಲು, ಕೊನೆಯಲ್ಲಿ ಟೀ, ಹೊಂಡ. ಟೀ ಮೇಲೆ ನಿಂತವರೆಲ್ಲ ನನ್ನ ಕಡೆಗೇ ಮುಖ ಮಾಡಿ ಕೋಲು ಬೀಸುತ್ತಿದ್ದರು. ಅಪ್ಪ ಇದ್ದಿದ್ದರೆ ಈ ಸಲ ಕೆನ್ನೆಗೇ ಬಾರಿಸುತ್ತಿದ್ದರು. ಕವಣೆ ಬೀಸುವವನು ನಿಲ್ಲಬೇಕಾದ ಜಾಗದಲ್ಲಿ ನಾನು ಬಾವುಟ ನೆಟ್ಟಿದ್ದೆ.

ಅಲ್ಲೇ ಸ್ಟೂಲಿನ ಮೇಲೆ ಎಲ್ಲ ತೀರ್ಮಾನವಾಗಿ ಹೋಯಿತು. ಹೋಲನ್ನು ತಿರುಗಿಸಬೇಕು. ಗ್ರೀನ್ ಇರುವ ಕಡೆ ಟೀ, ಟೀ ಇರುವ ಕಡೆ ಗ್ರೀನ್. ಗೋಡೆಗೆ ಬೆನ್ನು ಹಾಕಿ ಪೂರ್ವಕ್ಕೆ ಹೊಡೆಯಲಿ. ಎಷ್ಟು ಉದ್ದ ಹೊಡೆದರೂ ಬೀಳುವುದು ನಮ್ಮ ಹುಲ್ಲಿನ ಮೇಲೆ, ಇನ್ನೂ ಉದ್ದ ಹೊಡೆದರೆ ನಮ್ಮದೇ ಹೊಂಡದಲ್ಲಿ.

ಕ್ಯಾಪ್ಟನ್ ಕೇಳಿ ಹೌಹಾರಿದರು. "ಏನ್ ಮಾತಾಡ್ತೀರಿ? ಮುಂಜಾನೆ ಆಡೋರಿಗೆ ಸೂರ್ಯ ಸೀದಾ ಕಣ್ಣಿಗೆ ಹೊಡಿತಾನ್ರಿ. ಪೂರ್ವಕ್ಕ ಮುಖ ಮಾಡಿ ಯಾರು ಆಡ್ತಾರ? ಮ್ಯಾಲೆ ಮೂರನೇ ಗ್ರೀನಿನಿಂದ ಹೊಸಾ ಟೀಗೆ ಅಷ್ಟುದ್ದ ನಡೀಬೇಕು, ಆಡಿ ಮತ್ತ ಐದನೇದಕ್ಕ ವಾಪಸ್ ನಡೀಬೇಕು" ಅಂದರು.

"ನಡೀರಿ ಸಾರ್. ನಿಮ್ಮ ಫ್ಯಾಮಿಲಿ ಡಾಕ್ಟರು ನಡೆಯೋಕೇ ಹೇಳಿರೋದು" ಅಂದೆ. ಮಾತು ಸ್ವಲ್ಪ ಖಾರವಾಯಿತು, ಅವರ ಮುಖ ಕೆಂಪಾಯಿತು. ಸಾವರಿಸಿಕೊಂಡು ಕವಣೆಯ ಕಟ್ಟಳೆ ಹೇಳಿದೆ.  "ನಮ್ ಕಡೀನೂ ಜ್ವಾಳದ ಹೊಲದಾಗ ಕವಣಿ ಬೀಸ್ತಿದ್ವಿ. ಆದ್ರ ಕಾಯೋ ಪದ್ಧತಿ ಕೇಳಿರಲಿಲ್ಲ" ಅಂದರು. "ಹಾಗಾದ್ರೆ ನಾಳೆ ಬನ್ನಿ. ನಿಮ್ಮ ಕಲ್ಲೂ ದಾಟಿದೆ" ಅಂದೆ.

ಬಂದರು, ಅದು ಅವರ ದೊಡ್ಡತನ. ಬಿಳಿ ಅಂಗಿ, ವಿಭೂತಿ. ಮಕ್ಕಳ ಸಾಲಿನ ಕೊನೆಗೆ ಚಾಪೆಯ ಮೇಲೆ ಕಷ್ಟಪಟ್ಟು ಕೂತರು. ಮಂಡಿನೋವಿನವರು ಅಂತ ಕುರ್ಚಿ ಕೊಟ್ಟರೂ ಬೇಡ ಅಂದರು. ಕಾಲು ಗಂಟೆ ಏನೂ ಆಗಲಿಲ್ಲ. ಒಂದು ಮಗುವಿಗೆ ಕೈಬೆರಳಲ್ಲಿ ಆನೆ ಮಾಡಿ ತೋರಿಸುತ್ತಿದ್ದರು. ಠಣ್ ಅಂದಿತು.

ತಟ್ಟೆಗಳೆಲ್ಲ ಮೇಲೆದ್ದವು. ಎರಡು ಜುಟ್ಟಿನ ಹುಡುಗಿ ಅವರ ಕಡೆ ನೋಡಿದಳು. ಅವರ ಹತ್ತಿರ ತಟ್ಟೆ ಇರಲಿಲ್ಲ. ಹುಡುಗಿ ತನ್ನ ತಲೆಯ ಮೇಲಿದ್ದ ತಟ್ಟೆಯನ್ನು ತೆಗೆದು "ತಾತ, ತಟ್ಟೆ" ಅಂತ ಅವರ ಬೋಳು ತಲೆಯ ಮೇಲಿಟ್ಟಳು. ತಾನು ಬರೀ ಕೈಯಿಟ್ಟುಕೊಂಡು ಕೂತಳು.

ಅವತ್ತು ಚೆಂಡು ಬೀಳಲಿಲ್ಲ. ಟೀಚರ್ "ಆಯ್ತು" ಅಂದಮೇಲೂ ಕ್ಯಾಪ್ಟನ್ ತಟ್ಟೆ ತೆಗೆಯಲಿಲ್ಲ. ನಾನೇ ಹೋಗಿ ತೆಗೆದೆ. ಅವರ ಕಣ್ಣು ಒದ್ದೆಯಾಗಿತ್ತು. ಗೇಟಿನ ಹತ್ತಿರ ಬಂದಾಗ, "ಸೂರ್ಯ ಕಣ್ಣಿಗೆ ಬಿದ್ರ ಟೊಪ್ಪಿಗಿ ಹಾಕ್ಕೋತೀವಿ ಬಿಡ್ರಿ. ನಾಳೆಯಿಂದನ ಕೆಲಸ ಹಚ್ಚರಿ" ಅಂದರು.

ಅವತ್ತೇ ನಾಲ್ಕನೇ ಹೋಲ್ ಮುಚ್ಚಿದೆವು. ಅದು ತಯಾರಾಗುವ ತನಕ ಎಂಟೇ ಹೋಲ್, ಬೇಕಿದ್ದರೆ ಆಡಿ, ಇಲ್ಲದಿದ್ದರೆ ಬಿಡಿ ಅಂತ ಬೋರ್ಡು ಬರೆಸಿದವಳು ನಾನೇ. ಒಂದಿಬ್ಬರು ಗೊಣಗಿದರು. ಹಲ್ಲಿನ ಡಾಕ್ಟರು ಅವರಿಗೆ, "ಗುರು, ನೀನೂ ಒಂದಿನ ಹೋಗಿ ಚಾಪೆ ಮೇಲೆ ಕೂತ್ಕೊಂಡು ಬಾ, ಆಮೇಲೆ ಮಾತಾಡು" ಅಂದರಂತೆ. ಅವರು ತಾವೂ ಒಂದು ದಿನ ಹೋಗಿ ಕೂತಿದ್ದರು, ಯಾರೂ ಹೇಳದೆಯೇ. ಕೂತವರು ಸುಮ್ಮನೆ ಕೂರದೆ ಇಪ್ಪತ್ತೂ ಮಕ್ಕಳ ಹಲ್ಲು ನೋಡಿ ಬಂದರು.

ಕೆಲಸ ನನಗೆ ಹಬ್ಬ. ಹಳೇ ಗ್ರೀನಿನ ಹುಲ್ಲನ್ನು ಬೇರಿನ ಸಮೇತ ಚಪ್ಪಡಿ ಚಪ್ಪಡಿಯಾಗಿ ಕತ್ತರಿಸಿ, ಚಾಪೆಯಂತೆ ಸುತ್ತಿ, ಟ್ರಾಕ್ಟರಿನಲ್ಲಿ ಹೊಂಡದ ದಡಕ್ಕೆ ಸಾಗಿಸಿದೆವು. ನನ್ನ ಪೆದ್ದುತನದ ಮರಳಿನ ಗುಂಡಿ ಇತ್ತಲ್ಲ, ಆ ಮರಳನ್ನೇ ತೆಗೆದು ಹೊಸ ಗ್ರೀನಿನ ತಳಕ್ಕೆ ಹಾಸಿದೆ. ಒಂದು ಬುಟ್ಟಿಯೂ ವ್ಯರ್ಥವಾಗಲಿಲ್ಲ. ಯುಗಾದಿಯ ಬಿಸಿಲಲ್ಲಿ ದಿನಕ್ಕೆ ಮೂರು ಹೊತ್ತು ನೀರು ಚಿಮುಕಿಸಿದೆ. ಬೇರು ಹಿಡಿಯುತ್ತೋ ಇಲ್ಲವೋ ಅಂತ ಎಲ್ಲರಿಗೂ ಅನುಮಾನ. ನನಗಿರಲಿಲ್ಲ. ನಮ್ಮಪ್ಪನ ಹೊಲ ಅದು, ಹಿಡಿಯದೆ ಎಲ್ಲಿಗೆ ಹೋಗುತ್ತೆ! ಮುಂಗಾರಿನ ಮೊದಲ ಹದ ಮಳೆಗೆ ಹುಲ್ಲು ಹಸಿರು ತಿರುಗಿ ನಿಂತಿತು.

ಹೋಲ್ ತೆರೆದ ದಿನ ಮೊದಲ ಹೊಡೆತ ಹಲ್ಲಿನ ಡಾಕ್ಟರದ್ದು. ಹೊಸ ಟೀ ಗೋಡೆಗೆ ಹತ್ತಿರ, ಬೆನ್ನು ಅಂಗನವಾಡಿಗೆ. ಡ್ರೈವರ್ ತೆಗೆದರು, ನಾನು ಬೇಡ ಅನ್ನಲಿಲ್ಲ. ಎದೆಯುಬ್ಬಿಸಿ ಬೀಸಿದರು. ಚೆಂಡು ಸೂರ್ಯನ ಕಡೆಗೆ ಹೋಗಿ, ಗ್ರೀನ್ ದಾಟಿ, ಹೊಂಡಕ್ಕೆ ಬುಳುಂಕ್ ಅಂತ ಬಿತ್ತು. ಎರಡನೆಯದೂ ಬುಳುಂಕ್.

"ಇದು ಮೋಸ ಮೇಡಮ್!" ಅಂದರು.

"ಏನ್ ಮೋಸ? ಎಷ್ಟು ಬೇಕೋ ಅಷ್ಟು ಹೊಡೀರಿ, ನಿಮ್ಮನ್ನ ಯಾರು ತಡೆದರು? ಚೆಂಡು ನಿಮ್ದೇ, ನೀರೂ ನಿಮ್ದೇ" ಅಂದೆ. ಕ್ಯಾಪ್ಟನ್ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ತಮ್ಮ ಹಳೇ ಮರದ ಡ್ರೈವರಿನಲ್ಲಿ ನೂರಾ ಎಂಬತ್ತು ಗಜ ಹೊಡೆದು, ಎರಡನೇ ಏಟಿಗೆ ಗ್ರೀನ್ ಹತ್ತಿಸಿ, ಡಾಕ್ಟರ ಮುಖ ನೋಡಿ ನಕ್ಕರು. ಈಗ ನಾಲ್ಕನೇ ಹೋಲಿನಲ್ಲಿ ತೋಳಿದ್ದವನು ತಲೆಯನ್ನೂ ಬಳಸಬೇಕು. ನಾಳೆ ಹೊಸ ಚೆಂಡು ಬರಲಿ, ಹೊಸ ಕೋಲು ಬರಲಿ, ಇನ್ನೂ ನೂರು ಗಜ ಜಾಸ್ತಿಯೇ ಹೊಡೆಯಲಿ, ನನ್ನ ಹೋಲಿಗೆ ಏನೂ ಆಗುವುದಿಲ್ಲ.

ಮೇಲಿನ ಮೇಡಮ್ ಬಂದು ಅಂಗಳದಲ್ಲಿ ಎರಡು ದಿನ ಕೂತು ನೋಡಿದರು. ಒಂದು ಚೆಂಡೂ ಬರಲಿಲ್ಲ. ಅಂಗನವಾಡಿ ಇದ್ದಲ್ಲೇ ಇರಲಿ ಅಂತ ಬರೆದುಕೊಟ್ಟು ಹೋದರು. ಗೆಳತಿ, ನಾನು ವಾಪಸ್ ಕೊಟ್ಟಿದ್ದ ಆ ಖಾಲಿ ಬಕೆಟ್ಟಿನ ತುಂಬ ಹೊಂಗೆ ಕಾಯಿ ತುಂಬಿಸಿ ಕಳಿಸಿದಳು, "ಈ ಮೊಟ್ಟೆ ಇಟ್ಕೊ" ಅಂತ.

ಆದರೆ ಒಂದು ಲೆಕ್ಕ ನಾನು ಹಾಕಿರಲಿಲ್ಲ. ಮೊದಲು ಟೀ ಮುನ್ನೂರು ಗಜ ದೂರದಲ್ಲಿತ್ತು, ಈಗ ಗೋಡೆಯ ಪಕ್ಕದಲ್ಲೇ. ಠಣ್ ಅನ್ನುವ ಸದ್ದು ಮಕ್ಕಳಿಗೆ ಹಿಂದೆಂದಿಗಿಂತ ಜೋರಾಗಿ ಕೇಳತೊಡಗಿತು. ಇನ್ನು ಏನೂ ಬೀಳಲ್ಲ ಅಂತ ಟೀಚರ್ ಎಷ್ಟು ಹೇಳಿದರೂ ತಟ್ಟೆಗಳು ಮೇಲೇಳುತ್ತಲೇ ಇದ್ದವು. ಚೆಂಡನ್ನು ತಿರುಗಿಸಿದ್ದೆ, ಭಯವನ್ನು ತಿರುಗಿಸುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ. ಅದಕ್ಕೂ ಅಪ್ಪನ ಕಟ್ಟಳೆಯನ್ನೇ ಹಿಡಿದೆ. ದಿನಾ ಹತ್ತು ಗಂಟೆಗೆ ಹೋಗಿ ಆ ಸಾಲಿನಲ್ಲಿ ಕೂತು, ಬರೀ ತಲೆಯಲ್ಲಿ, ಅವರ ಜೊತೆ ತಿಂಡಿ ತಿನ್ನುತ್ತಿದ್ದೆ. ಠಣ್ ಅಂದರೆ ನಾನು ತಿನ್ನುತ್ತಲೇ ಇರುತ್ತಿದ್ದೆ. ಮಕ್ಕಳು ತಟ್ಟೆಯಡಿಯಿಂದ ನನ್ನನ್ನೇ ನೋಡುತ್ತಿದ್ದವು. ಮೊದಲ ವಾರ ಏನೂ ಬದಲಾಗಲಿಲ್ಲ. 'ಬಿಡೇ, ನಿಂಗೆ ಕೆಲಸ ಇಲ್ವಾ' ಅಂದಳು ಗೆಳತಿ. ಬಿಡಲಿಲ್ಲ. ಆಮೇಲಾಮೇಲೆ ಒಂದೊಂದೇ ತಟ್ಟೆ ಕೆಳಗೇ ಉಳಿಯತೊಡಗಿತು.

ಶ್ರಾವಣದ ಒಂದು ಬೆಳಿಗ್ಗೆ ಅವಲಕ್ಕಿ ಕೊಟ್ಟಿದ್ದರು. ಎರಡು ಜುಟ್ಟಿನ ಹುಡುಗಿ ನನ್ನ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದಳು. ತಟ್ಟೆಯಲ್ಲಿದ್ದ ಕಡಲೆಬೀಜಗಳನ್ನೆಲ್ಲ ಆರಿಸಿ ಅಂಚಿನಲ್ಲಿ ಸಾಲಾಗಿ ಜೋಡಿಸಿ, ಒಂದೊಂದನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಗೋಡೆಯಾಚೆ ಡಾಕ್ಟರ ದನಿ ಕೇಳಿತು, ಹಿಂದೆಯೇ ಠಣ್ ಅಂದಿತು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ತಲೆ ಎತ್ತಲಿಲ್ಲ, ಸಾಲಿನಲ್ಲಿ ಉಳಿದಿದ್ದ ಬೀಜಗಳಲ್ಲಿ ಯಾವುದನ್ನು ಮೊದಲು ತಿನ್ನುವುದು ಅಂತ ಯೋಚಿಸುತ್ತಿದ್ದಳು.